‘ನಾಳೆ ಬಾ’ ಎಂದು ಬರೆದ ಬಾಗಿಲು: ಕನ್ನಡದ ಪ್ರೇತಚಿತ್ರಗಳೂ ಸಭೆಯ ಸೇವೆಯೂ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲೂ ಕರ್ನಾಟಕದ ಹಲವು ಊರುಗಳಲ್ಲೂ ಮನೆಗಳ ಕದದ ಮೇಲೆ ‘ನಾಳೆ ಬಾ’ ಎಂಬ ಎರಡು ಪದಗಳು ಕಾಣಿಸಿಕೊಂಡವು. ರಾತ್ರಿಯ ಹೊತ್ತು ಹೆಣ್ಣುದೆವ್ವವೊಂದು ಬೀದಿಯಲ್ಲಿ ಸುಳಿದಾಡುತ್ತದೆ, ಮನೆಯವರ ಹೆಸರು ಹಿಡಿದು ಕೂಗುತ್ತದೆ, ಕೂಗುವ ಧ್ವನಿ ತಾಯಿಯದೋ ಒಡಹುಟ್ಟಿದವರದೋ ಆಗಿರುತ್ತದೆ, ಓಗೊಟ್ಟು ಕದ ತೆರೆದವರು ಉಳಿಯುವುದಿಲ್ಲ ಎಂಬುದು ಆಗಿನ ಮಾತು. ದೆವ್ವವು ಬರಹವನ್ನು ಓದಿಕೊಂಡು ಹಿಂತಿರುಗುತ್ತದೆ. ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಹೀಗೆ ಆ ನಾಳೆ ಎಂದಿಗೂ ಬಾರದು. ನಮ್ಮ ಸಭೆಗಳ ಮನೆಗಳೂ ಇದಕ್ಕೆ ಹೊರತಾಗಿರಲಿಲ್ಲ. ಬಾಗಿಲ ಮೇಲಿನ ಶಿಲುಬೆಯ ಕೆಳಗೇ ಸೀಮೆಸುಣ್ಣದ ಈ ಬರಹವಿದ್ದುದನ್ನು ನಮ್ಮಲ್ಲಿ ಹಿರಿಯರು ನಗುತ್ತಲೇ ನೆನೆಯುತ್ತಾರೆ.

ಈ ಕಥೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅದರೊಳಗಿನ ಎರಡು ಸಂಗತಿಗಳನ್ನು ನಾವು ಗಮನಿಸಬೇಕು. ಬರುವವಳು ಮನೆಯವರ ಧ್ವನಿಯಲ್ಲೇ ಬರುತ್ತಾಳೆ. ಮನೆಯವರಾದರೋ ಅವಳು ಯಾರು, ಏಕೆ ಬಂದಳು ಎಂದು ಕೇಳದೆ ವಾಯಿದೆ ಹೇಳಿ ಕಳುಹಿಸುತ್ತಾರೆ. ‘ನಾಳೆ ಬಾ’ ಎಂಬುದು ಸಾಲ ಮಾಡಿದವನು ಸಾಲ ಕೊಟ್ಟವನಿಗೆ ಹೇಳುವ ಮಾತು. ಇದೇ ಕಥೆಯನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದು ಮಾಡಿದ ‘ಸ್ತ್ರೀ’ (2018) ಎಂಬ ಹಿಂದಿ ಚಿತ್ರವು ಈ ಮರ್ಮವನ್ನು ಸರಿಯಾಗಿ ಹಿಡಿಯಿತು. ಅಲ್ಲಿಯ ಪ್ರೇತವು ಊರಿನವರ ಅನ್ಯಾಯಕ್ಕೆ ಬಲಿಯಾದ ಹೆಣ್ಣು. ಊರು ಕೊನೆಗೆ ಗೋಡೆಯ ಬರಹವನ್ನು ಬದಲಿಸಿ ಅವಳಿಂದಲೇ ರಕ್ಷಣೆಯನ್ನು ಬೇಡುತ್ತದೆ.

ಕುಟುಂಬವನ್ನೂ ಪರಂಪರೆಯನ್ನೂ ಆಧರಿಸಿದ ನಮ್ಮ ಪ್ರೇತಚಿತ್ರಗಳು ಮೂಲತಃ ಋಣದ ಕಥೆಗಳೆಂಬುದು ನಮ್ಮ ಅಭಿಪ್ರಾಯ. ಆಸ್ತಿ ಕೈಸೇರುವಾಗ ಅದರೊಡನೆ ತೀರದ ಋಣವೂ ಕೈಸೇರುತ್ತದೆ. ಅದನ್ನು ಕೇಳಲು ಬಂದವರನ್ನು ಮನೆಯು ದೆವ್ವವೆಂದು ಕರೆಯುತ್ತದೆ. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳಲ್ಲಿ ಸೇವೆ ಸಲ್ಲಿಸುವ ಪಾಲಕರಿಗೆ ‘ಮನೆಯಲ್ಲಿ ಏನೋ ಇದೆ, ಬಂದು ಪ್ರಾರ್ಥನೆ ಮಾಡಿ’ ಎಂಬ ಕರೆ ಹೊಸತಲ್ಲ. ಆ ಕರೆಗೆ ನಾವು ಕೊಡುವ ಉತ್ತರವು ಸುವಾರ್ತೆಯೋ, ಅಥವಾ ಬಾಗಿಲ ಮೇಲಿನ ಹಳೆಯ ಬರಹದ ಇನ್ನೊಂದು ರೂಪವೋ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಚಿತ್ರಗಳನ್ನು ಪರಿಶೀಲಿಸೋಣ.

ಕೊಂಡ ಮನೆ, ಬಂದ ಋಣ

ಪಿ. ವಾಸು ನಿರ್ದೇಶಿಸಿದ ‘ಆಪ್ತಮಿತ್ರ’ 2004ರ ಆಗಸ್ಟ್ ತಿಂಗಳಲ್ಲಿ ತೆರೆಕಂಡಿತು. ಫಾಸಿಲ್ ಅವರ ಮಲಯಾಳ ಚಿತ್ರ ‘ಮಣಿಚಿತ್ರತ್ತಾಳ್’ (1993) ಇದರ ಮೂಲ. ಕಥೆ ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ತಿಳಿದದ್ದೇ. ರಮೇಶ ಮತ್ತು ಗಂಗಾ ದಂಪತಿಗಳು ಅರಮನೆಯಂತಹ ಹಳೆಯ ಮನೆಯೊಂದನ್ನು ಸೇರುತ್ತಾರೆ. ಹಿಂದೊಮ್ಮೆ ಅಲ್ಲಿದ್ದ ರಾಜನು ಆಂಧ್ರದಿಂದ ನಾಗವಲ್ಲಿಯೆಂಬ ನರ್ತಕಿಯನ್ನು ತಂದಿರಿಸಿಕೊಂಡಿದ್ದನು. ಅವಳು ಮತ್ತೊಬ್ಬನನ್ನು ಪ್ರೀತಿಸಿದಳೆಂಬ ಕಾರಣಕ್ಕೆ ಇಬ್ಬರನ್ನೂ ಕೊಂದನು. ಬೀಗ ಹಾಕಿದ ಅವಳ ಕೋಣೆಯನ್ನು ಗಂಗಾ ತೆರೆಯುತ್ತಾಳೆ. ಬರಬರುತ್ತಾ ತಾನೇ ನಾಗವಲ್ಲಿಯಾಗುತ್ತಾಳೆ.

ಮಲಯಾಳದ ಮೂಲದಲ್ಲಿ ಆ ಮನೆ ಗಂಡನ ಪಿತ್ರಾರ್ಜಿತ. ಕನ್ನಡದಲ್ಲಿ ಅದು ಹಣ ಕೊಟ್ಟು ಕೊಂಡ ಮನೆ. ಈ ಬದಲಾವಣೆ ಸಣ್ಣದೆಂದು ತೋರಿದರೂ ನಮ್ಮ ದೃಷ್ಟಿಗೆ ಬಹಳ ದೊಡ್ಡದು. ‘ನಮ್ಮ ತಾತ ಮಾಡಿದ ತಪ್ಪಲ್ಲ, ನಾವು ಕ್ರಯಕ್ಕೆ ಪಡೆದವರು’ ಎಂದು ರಮೇಶನು ಹೇಳಬಹುದಾಗಿತ್ತು. ಚಿತ್ರವು ಆ ವಾದವನ್ನು ಒಪ್ಪುವುದಿಲ್ಲ. ಕ್ರಯಪತ್ರದಲ್ಲಿ ಬರೆಯದಿದ್ದರೂ ಗೋಡೆಗಳೊಡನೆ ಅಲ್ಲಿ ನಡೆದದ್ದೂ ಬರುತ್ತದೆಂದು ಅದು ಹೇಳುತ್ತದೆ. ಹಳೆಯ ಬಂಗಲೆಗಳನ್ನು ಕೆಡವಿ ಮಹಡಿಮನೆಗಳನ್ನು ಎಬ್ಬಿಸಿದ ಬೀದಿಗಳಲ್ಲಿ, ಕೆರೆ ತೋಟಗಳಿದ್ದ ನೆಲದ ಮೇಲೆ ಏರಿದ ಬಡಾವಣೆಗಳಲ್ಲಿ ಬಾಳುತ್ತಿರುವ ನಮಗೆ ಇದು ದೂರದ ಅರಮನೆಯ ಮಾತಲ್ಲ.

ಎರಡನೆಯ ಸಂಗತಿ ಭಾಷೆಯದು. ಗಂಗಾ ಕನ್ನಡದವಳು, ಅವಳೊಳಗಿನಿಂದ ನುಡಿಯುವ, ಹಾಡುವ ನಾಗವಲ್ಲಿಯ ಮಾತು ತೆಲುಗು. ಮಲಯಾಳದ ಮೂಲದಲ್ಲಿ ಅವಳು ತಂಜಾವೂರಿನಿಂದ ಬಂದ ತಮಿಳಿನವಳು. ತಮಿಳಿನ ‘ಚಂದ್ರಮುಖಿ’ಯಲ್ಲಿ (2005) ತೆಲುಗಿನವಳು, ಹಿಂದಿಯ ‘ಭೂಲ್ ಭುಲೈಯಾ’ದಲ್ಲಿ (2007) ಬಂಗಾಳದವಳು. ಯಾವ ನುಡಿಯಲ್ಲಿ ಚಿತ್ರವಾದರೂ ಮನೆಯ ಪ್ರೇತವು ಪಕ್ಕದ ನುಡಿಯಲ್ಲೇ ಮಾತಾಡುತ್ತದೆ. ಇದನ್ನು ಬರಿಯ ರೋಚಕತೆಯೆಂದು ಬಿಡಲಾಗದು. ಮನೆಯು ತನ್ನ ಸುಖಕ್ಕಾಗಿ ತಂದು, ದುಡಿಸಿ, ಕೊನೆಗೆ ಹೆಸರಿಲ್ಲದಂತೆ ಮಾಡಿದವರು ಬಹುಪಾಲು ಬೇರೆ ನುಡಿಯವರು. ಅವರ ಮಾತು ನಮಗೆ ಅರ್ಥವಾಗುವುದಿಲ್ಲ. ಅರ್ಥವಾಗದ ಅಳಲು ನಮ್ಮ ಕಿವಿಗೆ ಭಯವಾಗಿ ಕೇಳಿಸುತ್ತದೆ. ಈ ಪಾತ್ರವನ್ನು ವಹಿಸಿದ ಸೌಂದರ್ಯ ಕನ್ನಡದ ಮಗಳು, ತೆಲುಗು ಚಿತ್ರರಂಗದ ತಾರೆ. ಎರಡೂ ನುಡಿಗಳು ಅವರ ಒಂದೇ ದೇಹದಲ್ಲಿ ಸಂಧಿಸಿದುದರಿಂದಲೇ ಆ ಅಭಿನಯಕ್ಕೆ ಅಷ್ಟು ಬಲ ಬಂದಿತೆನ್ನಬೇಕು. 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಹೊರಟ ವಿಮಾನದ ಅಪಘಾತದಲ್ಲಿ ಅವರು ತೀರಿಹೋದರು. ನಾಲ್ಕು ತಿಂಗಳ ಮೇಲೆ ಬೆಂಗಳೂರಿನ ಪ್ರೇಕ್ಷಕರು ಸತ್ತವಳ ಪಾತ್ರದಲ್ಲಿ ನಿಜವಾಗಿಯೂ ಅಗಲಿಹೋದವರನ್ನು ನೋಡಿದರು. ಆ ದಿನಗಳಲ್ಲಿ ಈ ಚಿತ್ರವನ್ನು ನೋಡುವುದೆಂದರೆ ಶೋಕವೂ ಆಗಿತ್ತು.

ಚಿತ್ರದ ಪರಿಹಾರವನ್ನು ನಾವು ಮೆಚ್ಚಬೇಕು, ಪ್ರಶ್ನಿಸಲೂ ಬೇಕು. ಮನೋವೈದ್ಯ ವಿಜಯ್ (ವಿಷ್ಣುವರ್ಧನ್) ಮತ್ತು ಮಂತ್ರಶಾಸ್ತ್ರ ಬಲ್ಲ ಆಚಾರ್ಯರು (ಅವಿನಾಶ್) ಒಬ್ಬರನ್ನೊಬ್ಬರು ಹೀಯಾಳಿಸದೆ ಜೊತೆಗೂಡುತ್ತಾರೆ. ವೈದ್ಯನು ರೋಗಿಯನ್ನು ಗದರುವುದಿಲ್ಲ. ನಾಗವಲ್ಲಿಯ ಕಥೆಯನ್ನು ಕೊನೆಯವರೆಗೂ ಕೇಳುತ್ತಾನೆ. ಗದ್ದಲದ ಬಿಡುಗಡೆ ಕೂಟಗಳನ್ನು ಕಂಡಿರುವ ನಮಗೆ ಈ ತಾಳ್ಮೆಯೇ ಒಂದು ಪಾಠ. ಆದರೆ ಕೊನೆಗೆ ನಾಗವಲ್ಲಿಗೆ ದೊರೆಯುವುದೇನು? ರಾಜನನ್ನು ಕೊಲ್ಲಲು ಅವಳನ್ನು ಬಿಡುತ್ತಾರೆ. ಅವಳಿಗೆ ಸಿಗುವುದು ಒಂದು ಬೊಂಬೆ. ಗಂಗಾ ಗುಣವಾಗುತ್ತಾಳೆ, ಮನೆ ಒಡೆಯರಿಗೇ ಉಳಿಯುತ್ತದೆ. ಕೊಲೆಯಾದ ಹೆಣ್ಣಿಗೆ ನ್ಯಾಯದ ಅಭಿನಯವಾಯಿತು, ನ್ಯಾಯವಾಗಲಿಲ್ಲ. ಬಹು ಜಾಣತನದಿಂದ ಬರೆದ ‘ನಾಳೆ ಬಾ’ ಇದು.

ಆ ನಾಳೆ 2010ರಲ್ಲಿ ಬಂದಿತು. ಮುಂದಿನ ಚಿತ್ರ ‘ಆಪ್ತರಕ್ಷಕ’ದಲ್ಲಿ ನಾಗವಲ್ಲಿಯ ಚಿತ್ರಪಟವು ಇನ್ನೊಂದು ಮನೆಯನ್ನು ಸೇರುತ್ತದೆ, ತೊಂದರೆ ಮತ್ತೆ ತಲೆಯೆತ್ತುತ್ತದೆ. ಕೊಂದ ರಾಜನು ಸತ್ತೇ ಇಲ್ಲ, ಇನ್ನೂ ಬದುಕಿದ್ದಾನೆಂಬುದು ಅಲ್ಲಿ ಬಯಲಾಗುವ ಗುಟ್ಟು. ಕಲೆಯ ದೃಷ್ಟಿಯಿಂದ ಇದು ಮೊದಲನೆಯದಕ್ಕಿಂತ ಒರಟಾದ ಚಿತ್ರ. ಆದರೂ ಅದು ತನಗೆ ಅರಿವಿಲ್ಲದೆಯೇ ದೊಡ್ಡ ಸತ್ಯವೊಂದನ್ನು ಹೇಳಿಬಿಟ್ಟಿದೆ: ಕಾಡುತ್ತಿರುವವಳು ಸತ್ತವಳೆಂದು ಎಲ್ಲರೂ ಭಾವಿಸಿದ್ದಾಗ, ಬದುಕಿ ಉಳಿದದ್ದು ಅವಳನ್ನು ಕೊಂದ ಅಧಿಕಾರ.

ಕೋಲದ ದಿನ

‘ಕಾಂತಾರ’ (2022) ಭಯವನ್ನೇ ಗುರಿಯಾಗಿಸಿಕೊಂಡ ಚಿತ್ರವಲ್ಲ; ಆದರೂ ಕುಟುಂಬದ ಋಣದ ಈ ಚರ್ಚೆಯಲ್ಲಿ ಅದನ್ನು ಬಿಡುವಂತಿಲ್ಲ. 1847ರಲ್ಲಿ ನೆಮ್ಮದಿಯನ್ನು ಅರಸಿ ಹೊರಟ ರಾಜನೊಬ್ಬನು ಪಂಜುರ್ಲಿ ದೈವದ ಕಲ್ಲನ್ನು ಪಡೆದು, ಬದಲಿಗೆ ಕಾಡಿನ ಭೂಮಿಯನ್ನು ಜನರಿಗೆ ಬಿಟ್ಟುಕೊಡುತ್ತಾನೆ. 1970ರಲ್ಲಿ ಅವನ ವಂಶದವನು ಭೂಮಿಯನ್ನು ಮರಳಿ ಕೇಳುತ್ತಾನೆ. ನ್ಯಾಯಾಲಯದ ಮೆಟ್ಟಿಲಲ್ಲಿ ರಕ್ತ ಕಾರಿ ಸಾಯುತ್ತಾನೆ. 1990ರಲ್ಲಿ ಅರಣ್ಯಾಧಿಕಾರಿ, ಧಣಿ, ಊರಿನವರ ನಡುವೆ ಅದೇ ಭೂಮಿಯ ಜಗಳ. ಇಲ್ಲಿಯೂ ಕೊಟ್ಟ ಮಾತು ಆಸ್ತಿಯೊಡನೆ ತಲೆಮಾರುಗಳಿಗೆ ಇಳಿಯುತ್ತದೆ.

ಆದರೆ ಒಂದು ವ್ಯತ್ಯಾಸವುಂಟು. ಅರಮನೆಯು ನಾಗವಲ್ಲಿಯ ಕೋಣೆಗೆ ಬೀಗ ಹಾಕಿತು. ತುಳುನಾಡಾದರೋ ದೈವಕ್ಕೆ ದಿನ ಗೊತ್ತುಮಾಡಿ ಕರೆಯುತ್ತದೆ. ಕೋಲದ ರಾತ್ರಿ ಊರು ನೆರೆಯುತ್ತದೆ, ದೈವವು ನುಡಿ ಕೊಡುತ್ತದೆ, ಭೂಮಿಯ, ಮನೆತನದ ತಕರಾರುಗಳು ಎಲ್ಲರೆದುರಿಗೆ ಬರುತ್ತವೆ. ಧಣಿಯೂ ಅಲ್ಲಿ ಕೈಮುಗಿದು ಕೇಳಲೇಬೇಕು. ಇದನ್ನು ಆರಾಧನೆಯಾಗಿ ನಾವು ಸ್ವೀಕರಿಸುವವರಲ್ಲ. ಆದರೆ ಬಾಕಿಯನ್ನು ಕೇಳುವುದಕ್ಕೆ ಒಂದು ದಿನ, ಒಂದು ಅಂಗಳ, ಒಂದು ಧ್ವನಿ ಬೇಕೆಂಬ ಅರಿವು ಅದರಲ್ಲಿದೆಯೆಂಬುದನ್ನು ಒಪ್ಪಿಕೊಳ್ಳಲು ಅಂಜಬೇಕಾಗಿಲ್ಲ. ನಮ್ಮ ಹಿಂದಿನವರು ಈ ವಿಷಯದಲ್ಲಿ ಎರಡು ಮನಸ್ಸಿನವರಾಗಿದ್ದರು. ಬರ್ನೆಲ್ ಬಿಟ್ಟುಹೋದ ಬರಹಗಳು 1890ರ ದಶಕದಲ್ಲಿ ‘ತುಳುವರ ಪಿಶಾಚಾರಾಧನೆ’ ಎಂಬರ್ಥದ ಶೀರ್ಷಿಕೆಯಲ್ಲಿ ಪ್ರಕಟವಾದವು. ಅದಕ್ಕೆ ಮೊದಲೇ, 1886ರಲ್ಲಿ, ಬಾಸೆಲ್ ಮಿಷನ್ನಿನ ಮ್ಯಾನರ್ ದೈವಗಳ ಪಾಡ್ದನಗಳನ್ನು ಆದರದಿಂದ ಸಂಗ್ರಹಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದರು. ಹೆಸರಿಡುವ ಅವಸರವೂ ಕೇಳಿಸಿಕೊಳ್ಳುವ ಸಂಯಮವೂ ಒಂದೇ ಕಾಲದವು. ಎರಡನೆಯದನ್ನು ನಾವು ಮರೆತಿದ್ದೇವೆ.

ಹಾಗಿದ್ದರೂ ‘ಕಾಂತಾರ’ದ ಅಂತ್ಯವು ನಮಗೆ ಸಮಾಧಾನ ತರುವುದಿಲ್ಲ. ಋಣವು ಗುಳಿಗನ ಉಗ್ರತೆಯಲ್ಲಿ, ರಕ್ತದಲ್ಲಿ ತೀರುತ್ತದೆ. ಬಳಿಕ ದೈವವು ಅಧಿಕಾರಿಯ ಮತ್ತು ಊರಿನವರ ಕೈಗಳನ್ನು ಕೂಡಿಸುತ್ತದೆ. ದೃಶ್ಯವು ಮನಸ್ಸನ್ನು ತುಂಬುತ್ತದೆ, ನಿಜ; ಆದರೆ ಭೂಮಿ ಯಾರ ಹೆಸರಿಗೆ ಉಳಿಯಿತೆಂಬ ಪ್ರಶ್ನೆಯನ್ನು ಆ ಆವೇಶವು ಮರೆಸುತ್ತದೆ. ಪರಂಪರೆಯೂ ಇಲ್ಲಿ ತಂದೆಯಿಂದ ಮಗನಿಗೆ ಹರಿಯುವ ಹೊಳೆ. ದಡದಲ್ಲಿ ನಿಂತು ಕಾಯುವ ತಾಯಿಯೂ, ಅರಣ್ಯ ಇಲಾಖೆಯ ಕೆಲಸಕ್ಕೂ ತನ್ನ ಊರಿಗೂ ನಡುವೆ ನಲುಗುವ ಲೀಲಾಳೂ ಆ ಹೊಳೆಯ ನೀರನ್ನು ಮುಟ್ಟುವುದಿಲ್ಲ.

ರಿಚ್ಪಳ ಬಂಡೆ

ಈ ಎರಡು ಅಂತ್ಯಗಳ, ಬೊಂಬೆಯ ಮತ್ತು ರಕ್ತದ, ಎದುರಿಗೆ ಸಮುವೇಲನ ಎರಡನೆಯ ಗ್ರಂಥದ 21ನೆಯ ಅಧ್ಯಾಯವನ್ನು ಇಟ್ಟು ಓದಬೇಕು. ದೇಶದಲ್ಲಿ ಮೂರು ವರ್ಷ ಬರ. ಕಾರಣ, ಸೌಲನು ಗಿಬ್ಯೋನ್ಯರನ್ನು ಕೊಂದದ್ದು. ಗಿಬ್ಯೋನ್ಯರು ಇಸ್ರಾಯೇಲ್ಯರಲ್ಲ; ಆಣೆಯಿಟ್ಟು ಉಳಿಸಿಕೊಂಡಿದ್ದ ಪರಜನರು. ಮಾತು ಮುರಿದವನು ಸತ್ತಿದ್ದಾನೆ, ಋಣವು ಉಳಿದಿದೆ. ಅವರು ಸೌಲನ ವಂಶದ ಏಳು ಮಂದಿಯನ್ನು ಕೇಳುತ್ತಾರೆ, ದಾವೀದನು ಒಪ್ಪಿಸುತ್ತಾನೆ. ಅನಂತರ ಸೌಲನ ಉಪಪತ್ನಿಯಾಗಿದ್ದ ರಿಚ್ಪಳು ಬಂಡೆಯ ಮೇಲೆ ಗೋಣಿತಟ್ಟನ್ನು ಹಾಸಿಕೊಂಡು, ಹಗಲು ಹಕ್ಕಿಗಳೂ ಇರುಳು ಕಾಡುಮೃಗಗಳೂ ಆ ಹೆಣಗಳನ್ನು ಮುಟ್ಟದಂತೆ ಕಾಯುತ್ತಾಳೆ. ಆ ಸುದ್ದಿ ತಲುಪಿದ ಮೇಲೆಯೇ ದಾವೀದನು ಸೌಲ ಯೋನಾತಾನರ ಎಲುಬುಗಳನ್ನು ತರಿಸುತ್ತಾನೆ, ಏಳು ಮಂದಿಯ ಎಲುಬುಗಳನ್ನೂ ಕೂಡಿಸಲಾಗುತ್ತದೆ, ಸಮಾಧಿಯಾಗುತ್ತದೆ. ದೇವರು ದೇಶದ ಮೊರೆಗೆ ಒಲಿದದ್ದನ್ನು ಗ್ರಂಥಕರ್ತನು ಹೇಳುವುದು ಏಳು ಮಂದಿ ಸತ್ತಾಗಲಲ್ಲ, ಸಮಾಧಿಯಾದ ಮೇಲೆ. ಈ ಕ್ರಮವನ್ನು ನಾವು ಹಗುರವಾಗಿ ಕಾಣಬಾರದು. ರಕ್ತಕ್ಕೆ ರಕ್ತವೆಂಬ ಲೆಕ್ಕವನ್ನು ರಾಜನು ಮುಗಿಸಿದ್ದನು. ಮನೆಯ ಹೆಣ್ಣೊಬ್ಬಳ ಎಚ್ಚರವು ಅದು ಮುಗಿದಿಲ್ಲವೆಂದು ತೋರಿಸಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಂಶಪಾರಂಪರ್ಯದ ಶಾಪವನ್ನು ಮುರಿಯುತ್ತೇವೆಂದು ಸಾರುವ ಕೂಟಗಳು ನಮ್ಮ ನಗರದಲ್ಲಿ ಕಡಿಮೆಯಿಲ್ಲ. ಅಜ್ಜನ ಪಾಪಕ್ಕಾಗಿ ಮೊಮ್ಮಗಳಿಗೆ ಬಂಜೆತನವೆಂದು ಹೇಳುವ ಬೋಧನೆ ನೊಂದವರನ್ನೇ ಮತ್ತೆ ನೋಯಿಸುತ್ತದೆ. ಯೆಹೆಜ್ಕೇಲನ 18ನೆಯ ಅಧ್ಯಾಯವು ಅದಕ್ಕೆ ಎಡೆಗೊಡುವುದಿಲ್ಲ: ತಂದೆಯ ದೋಷವನ್ನು ಮಗನು ಹೊರುವುದಿಲ್ಲ. ಹಾಗಾದರೆ ಇಳಿದುಬರುವುದೇನು? ದೋಷವಲ್ಲ, ಲಾಭ. ಕಸಿದುಕೊಂಡ ಭೂಮಿಯ ಬೆಳೆಯನ್ನು ಉಣ್ಣುವವನು ಕಸಿದವನಲ್ಲದಿರಬಹುದು. ಆದರೆ ಅನ್ನದ ಮೂಲ ತಿಳಿದ ದಿನದಿಂದ ಅವನಿಗೆ ಹೊಣೆಯುಂಟು. ಪಾಪವನ್ನೂ ಋಣವನ್ನೂ ಹೀಗೆ ಬೇರ್ಪಡಿಸಿ ಬೋಧಿಸಿದರೆ ಭಯವು ಕರಗುತ್ತದೆ, ಜವಾಬ್ದಾರಿ ಉಳಿಯುತ್ತದೆ.

ದಂಡಿನ ಮನೆಗಳಲ್ಲಿ

ಗೆರಸೇನರ ಸೀಮೆಯಲ್ಲಿ ಸಮಾಧಿಗಳ ನಡುವೆ ವಾಸಿಸುತ್ತಿದ್ದವನನ್ನು ಕರ್ತನು ‘ನಿನ್ನ ಹೆಸರೇನು’ ಎಂದು ಕೇಳುತ್ತಾನೆ. ಉತ್ತರವಾಗಿ ಬಂದದ್ದು ರೋಮನ್ ಸೇನೆಯ ತುಕಡಿಯ ಹೆಸರು, ಲೆಗಿಯೋನ್. ಸೇನೆಗೆ ನಮ್ಮ ಹಳೆಯ ಮಾತು ದಂಡು. ನಾವಿರುವ ನೆಲದ ಹೆಸರೂ ಅದೇ. ರೈಲು ನಿಲ್ದಾಣದ ಫಲಕದಲ್ಲಿ ‘ಬೆಂಗಳೂರು ದಂಡು’ ಎಂದಿದೆ. ಪದಸಾಮ್ಯದ ಮೇಲೆ ದೇವಶಾಸ್ತ್ರವನ್ನು ಕಟ್ಟಲಾಗದೆಂಬುದನ್ನು ಬಲ್ಲೆವು. ಆದರೂ 1809ರಲ್ಲಿ ಹಲಸೂರಿನ ಬಳಿ ಬೀಡುಬಿಟ್ಟ ಸೇನೆಯೊಡನೆ ತಮಿಳು ಸೀಮೆಯಿಂದ ಬಂದ ಸಿಪಾಯಿಗಳು, ಅಡಿಗೆಯವರು, ಆಯಾಗಳು, ಗಾರೆಯವರು ಈ ಊರನ್ನು ಕಟ್ಟಿದರೆಂಬುದು ಚರಿತ್ರೆ. ನಮ್ಮ ಎಷ್ಟೋ ದೇವಾಲಯಗಳ ಕಲ್ಲುಗಳನ್ನು ಹೊತ್ತವರು ಅವರೇ. 1947ರ ಜುಲೈ 26ರಂದು ದಂಡು ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿತು. ನುಡಿಗಳ ನಡುವಿನ ಲೆಕ್ಕ ಮಾತ್ರ ಬಗೆಹರಿಯಲಿಲ್ಲ. ಆರಾಧನೆಯ ಭಾಷೆ ಯಾವುದೆಂಬ ವಿವಾದವು ದಶಕಗಳಿಂದ ನಮ್ಮ ಸಭೆಗಳನ್ನು ನೋಯಿಸಿದೆ. ತಮ್ಮ ನಾಡಿನಲ್ಲೇ ಅತಿಥಿಗಳಾದೆವೆಂಬ ಕನ್ನಡಿಗರ ನೋವೂ, ತಲೆಮಾರುಗಳಿಂದ ಬಾಳಿದರೂ ಹೊರಗಿನವರೆನಿಸಿಕೊಂಡ ತಮಿಳರ ನೋವೂ ನಿಜವೇ. ‘ಆಪ್ತಮಿತ್ರ’ದ ಮನೆಯಂತೆ ಇಲ್ಲಿಯೂ ಒಂದು ಕೋಣೆಗೆ ಬೀಗವಿದೆ, ಒಳಗಿನ ಧ್ವನಿ ಪಕ್ಕದ ನುಡಿಯದು.

ನಮ್ಮ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಪೂರ್ವ ಬೆಂಗಳೂರಿನ ಒಂದು ಕನ್ನಡ ಮನೆಗೆ ನಮ್ಮನ್ನು ಕರೆದಿದ್ದರು. ರಾತ್ರಿ ಅಡಿಗೆಮನೆಯಲ್ಲಿ ಯಾರೋ ತಮಿಳಿನಲ್ಲಿ ಅಳುವುದು ಸೊಸೆಗೆ ಕೇಳಿಸುತ್ತಿತ್ತು. ನಾವು ಕೋಣೆ ಕೋಣೆಗೂ ಹೋಗಿ ಪ್ರಾರ್ಥಿಸಿ, ಕೀರ್ತನೆಯನ್ನು ಓದಿ, ಕಾಫಿ ಕುಡಿದು ಎದ್ದೆವು. ಗೇಟಿನವರೆಗೆ ಬಂದ ಅಜ್ಜಿ ತಗ್ಗಿದ ದನಿಯಲ್ಲಿ, ‘ಅಯ್ಯನವರೇ, ಕೆಲಸಕ್ಕಿದ್ದ ಆಯಮ್ಮನ್ನ ಸಂಬಳದ ಬಾಕಿ ಕೊಡ್ದೆ ಕಳಿಸ್ಬಿಟ್ವಿ. ಆಮೇಲೆ ಅವಳು ಹೋಗ್ಬಿಟ್ಲು ಅಂತ ಸುದ್ದಿ ಬಂತು’ ಎಂದರು. ನಮಗೆ ಇನ್ನೊಂದು ಕೂಟವಿತ್ತು. ‘ಮುಂದಿನ ಸಲ ಬಂದಾಗ ಮಾತಾಡೋಣಮ್ಮ’ ಎಂದೆವು. ಅಂದರೆ ಆ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದವರು ನಾವೇ. ಮುಂದಿನ ಸಲ ಹೋದಾಗ ಅಜ್ಜಿ ಇರಲಿಲ್ಲ.

ಸಂಶಯಪಟ್ಟು ನಕ್ಕುಬಿಡುವ ಪಾಲಕನೂ, ದೆವ್ವವನ್ನು ಗದರಿಸಿ ಓಡಿಸುವ ಪಾಲಕನೂ ಒಂದೇ ತಪ್ಪನ್ನು ಮಾಡುತ್ತಾರೆ, ಇಬ್ಬರೂ ಕೇಳುವುದಿಲ್ಲ. ಮೊದಲು ಕೇಳಬೇ​ಕು: ಈ ಮನೆಯಲ್ಲಿ ಹೆಸರು ಹೇಳದೆ ಉಳಿಸಿದವರು ಯಾರು? ರೋಗದ ಲಕ್ಷಣಗಳಿದ್ದರೆ ನಿಮ್ಹಾನ್ಸಿನಂತಹ ಸಂಸ್ಥೆಯ ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಬೇಕು. ವಿಜಯ್ ಮತ್ತು ಆಚಾರ್ಯರ ಸ್ನೇಹವು ಅಷ್ಟನ್ನಾದರೂ ನಮಗೆ ಕಲಿಸಬೇಕು. ಬಾಕಿಯಿದ್ದರೆ ಅದನ್ನು ಬಾಧ್ಯರಿಗೆ ಮುಟ್ಟಿಸಲು ಮನೆಯವರಿಗೆ ನೆರವಾಗಬೇಕು. ನವೆಂಬರ್ 2ರಂದು ನಮ್ಮ ಜನರು ಹೂವು ಮೇಣದ ಬತ್ತಿಗಳೊಡನೆ ಕಲ್ಪಳ್ಳಿಯ ಸಮಾಧಿಗಳಿಗೆ ಹೋಗುವಾಗ, ವಾರಸುದಾರರಿಲ್ಲದ ಗೋರಿಗಳ ಬಳಿಯೂ ನಿಂತು, ತಿಳಿದಷ್ಟು ಹೆಸರುಗಳನ್ನು ಅವರವರ ನುಡಿಯಲ್ಲೇ ಓದಬೇಕು. ಇದು ಸತ್ತವರನ್ನು ಕರೆಯುವುದಲ್ಲ, ರಿಚ್ಪಳಂತೆ ಕಾಯುವುದು.

ಸುವಾರ್ತೆಯೂ ಒಂದು ಬಾಗಿಲ ಕಥೆಯೇ. ಅನ್ಯಾಯವಾಗಿ ಕೊಲ್ಲಲ್ಪಟ್ಟವನು, ತನ್ನನ್ನು ಬಿಟ್ಟು ಓಡಿದವರ ಮನೆಗೆ, ಬಾಗಿಲುಗಳು ಮುಚ್ಚಿದ್ದಾಗ ಬರುತ್ತಾನೆ. ಅವರು ಪ್ರೇತವೆಂದೇ ಹೆದರುತ್ತಾರೆ. ಅವನು ಸೇಡನ್ನು ಕೇಳುವುದಿಲ್ಲ, ಗಾಯಗಳನ್ನು ಮರೆಮಾಡುವುದೂ ಇಲ್ಲ. ಅವನ್ನು ತೋರಿಸಿ, ಸಮಾಧಾನವನ್ನು ನುಡಿದು, ತಿನ್ನಲು ಏನಾದರೂ ಇದೆಯೇ ಎಂದು ಕೇಳಿ, ಸುಟ್ಟ ಮೀನನ್ನು ಅವರೆದುರಿಗೆ ತಿನ್ನುತ್ತಾನೆ. ನಾಗವಲ್ಲಿಗೆ ಬೊಂಬೆಯನ್ನು ಕೊಟ್ಟ ಚಿತ್ರವೂ, ಗುಳಿಗನಿಗೆ ರಕ್ತವನ್ನು ಕೊಟ್ಟ ಚಿತ್ರವೂ ಕಾಣಲಾರದ ಮೂರನೆಯ ದಾರಿ ಇದು. ಜಕ್ಕಾಯನ ಮನೆಗೆ ಇದೇ ಕರ್ತನು ಹೋದಾಗ ಅಲ್ಲಿ ದೆವ್ವ ಬಿಡಿಸುವ ಗದ್ದಲ ನಡೆಯಲಿಲ್ಲ. ಕಸಿದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವ ಮಾತು ಮನೆಯೊಡೆಯನ ಬಾಯಿಂದ ಬಂದಿತು. ಆಗ ಆ ಮನೆಗೆ ರಕ್ಷಣೆಯಾಯಿತೆಂದು ಕರ್ತನು ಸಾರಿದ್ದು ನಾಳೆಯ ಮಾತಾಗಿ ಅಲ್ಲ, ಆ ಹೊತ್ತಿನ ಮಾತಾಗಿ.